ಎಲ್ಲರೂ ಕೂತಾಗ ಹೇಳುವ ಮಾತು

ಹೇಳಬೇಕಾದ ಮಾತನ್ನು ಲೋಗಿ ಒಂದು ವಾರದಿಂದ ಬಾಯಿಪಾಠ ಮಾಡುತ್ತಿದ್ದಳು. ಹಲ್ಲುಜ್ಜುವಾಗ, ಶಾಲೆಯ ಆಫೀಸಿನಲ್ಲಿ ಫೋನು ಸುಮ್ಮನಿದ್ದಾಗ, ಅಮ್ಮನ ಕಾಲಿಗೆ ಎಣ್ಣೆ ತಿಕ್ಕುವಾಗ, ತುಟಿ ಅಲ್ಲಾಡದಂತೆ ಒಳಗೊಳಗೇ. ಮಾತು ದೊಡ್ಡದೇನಲ್ಲ. ಮಾರ್ಚ್ ಕೊನೆಯ ರಜೆಯಲ್ಲಿ ಡರ್ಬನ್ ಬಂದರಿನಿಂದ ಹೊರಟು ಮೊಜಾಂಬಿಕ್ ಕಡೆಯ ದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಅವಳೂ, ಶಾಲೆಯ ಲೈಬ್ರರಿ ನೋಡಿಕೊಳ್ಳುವ ಹಾಜಿರಾಳೂ ಸೇರಿ ಒಂದು ಕೋಣೆ ಹಿಡಿದಿದ್ದರು. ನಾಲ್ಕು ರಾತ್ರಿ. ಆ ನಾಲ್ಕು ರಾತ್ರಿ ಅಮ್ಮನನ್ನು ಅಣ್ಣನೋ ತಂಗಿಯೋ ನೋಡಿಕೊಳ್ಳಬೇಕು. ಇಷ್ಟೇ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಅವಳು ಕೇಳಿದ ಯಾವ ಕೆಲಸವೂ ಇದುವರೆಗೆ ನಡೆದಿರಲಿಲ್ಲ. ಅಣ್ಣ ದಯಾ "ಪ್ರೇಮಿ ಹತ್ರ ಕೇಳು" ಅನ್ನುತ್ತಿದ್ದ. ತಂಗಿ ಪ್ರೇಮಿ "ಅಣ್ಣ ಏನಂದ?" ಅನ್ನುತ್ತಿದ್ದಳು. ಅಪ್ಪ ತೀರಿಕೊಂಡ ಮೇಲಿನ ವರ್ಷಗಳನ್ನೆಲ್ಲ ಲೋಗಿ ಈ ಎರಡು ಉತ್ತರಗಳ ನಡುವೆ ಓಡಾಡಿಯೇ ಕಳೆದಿದ್ದಳು. ಮದುವೆಯಾಗದೆ ಉಳಿದವಳು, ಚಾಟ್ಸ್‌ವರ್ತ್‌ನ ಬೇವ್ಯೂ ಬಡಾವಣೆಯ ಹಳೆಯ ಮನೆಯಲ್ಲಿ ಅಮ್ಮನ ಜೊತೆಗಿರುವವಳು. ಅಮ್ಮನ ಮಾತ್ರೆ, ಅಮ್ಮನ ಆಸ್ಪತ್ರೆ, ಅಮ್ಮನ ಸ್ನಾನ ಎಲ್ಲ ತಂತಾನೇ ಅವಳ ಪಾಲಿಗೆ ಬಂದಿದ್ದವು. ಯಾರೂ ಹಂಚಿಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಅಲ್ಲ.

ದಯಾ ಗೆಳೆಯನ ಮಗಳ ಮದುವೆಗೆಂದು ಜೋಹಾನ್ಸ್‌ಬರ್ಗ್‌ನಿಂದ ಇಳಿದು ಬಂದಿದ್ದ. ಅವನು ಭಾನುವಾರ ಮಧ್ಯಾಹ್ನ ಹಿಂತಿರುಗುವ ಮುಂಚೆ ಎಲ್ಲರಿಗೂ ತನ್ನ ಲೆಕ್ಕದಲ್ಲಿ ಊಟ ಎಂದು ಲೋಗಿ ಕರೆದಳು. ಮನೆಯಲ್ಲಾದರೆ ಅವಳು ಒಲೆಯ ಮುಂದೆ ನಿಂತಿರಬೇಕು, ಉಳಿದವರು ಟೀವಿಯ ಮುಂದೆ ಚೆದುರಿರುತ್ತಾರೆ. ಹೋಟೆಲಿನಲ್ಲಾದರೆ ಹಾಗಲ್ಲ, ಒಂದು ಸಲ ಕುರ್ಚಿ ಎಳೆದುಕೊಂಡು ಕೂತರೆ ಬಿಲ್ಲು ಬರುವ ತನಕ ಯಾರೂ ಏಳುವುದಿಲ್ಲ. ಅವಳ ತಲೆಯಲ್ಲಿದ್ದದ್ದು ಅಪ್ಪನ ಕಾಲದ ಸಿಲ್ವರ್ ಪೀಕಾಕ್ ಹೋಟೆಲು. ದೀಪಾವಳಿಗೊಮ್ಮೆ ಅಪ್ಪ ಎಲ್ಲರನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದ. ಕಪ್ಪು ಬೋ ಟೈ ಕಟ್ಟಿದ ಮಾಣಿ ಬಂದು, ಅಪ್ಪನ ಮುಂದೆ ಬಾಗಿ, ಏನು ಬೇಕೆಂದು ಕೇಳಿ ಹೋಗುತ್ತಿದ್ದ. ಊಟ ಬರುವವರೆಗೆ ಮಕ್ಕಳು ಕೈಕಟ್ಟಿ ಕೂತಿರುತ್ತಿದ್ದರು.

ಭಾನುವಾರ ಹೋದರೆ ಅದೇ ಕೆಂಪು ಕುರ್ಚಿಗಳು, ಗೋಡೆಯ ಮೇಲೆ ಅದೇ ಬೆಳ್ಳಿಬಣ್ಣದ ನವಿಲು. ಆದರೆ ಒಳಗೆ ಕಾಲಿಡುತ್ತಲೇ ಲೋಗಿ ತಡೆದು ನಿಂತಳು. ಸಭಾಂಗಣದ ನಟ್ಟನಡುವೆ ಉದ್ದಕ್ಕೆ ಬಿಳಿ ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಸಾಲಾಗಿ ಹಬೆಯಾಡುವ ದೊಡ್ಡ ತಟ್ಟೆಗಳು, ಅದರ ಸುತ್ತ ಪ್ಲೇಟು ಹಿಡಿದ ಜನ.

"ಭಾನುವಾರ ಬಫೆ ಒಂದೇ ಮೇಡಂ," ಎಂದಳು ಬಾಗಿಲಲ್ಲಿದ್ದ ಹುಡುಗಿ. "ಎಷ್ಟು ಸಲ ಬೇಕಾದ್ರೂ ಹಾಕ್ಕೊಳ್ಳಿ."

ಅಮ್ಮ ಮುನಿಯಮ್ಮ ವಾಕರ್ ಹಿಡಿದು ಬಾಗಿಲಲ್ಲೇ ನಿಂತು ಮೂಸಿದಳು. "ಏಡಿ ಸಾರು ಇದೆ," ಎಂದಳು. ಎಂಬತ್ತು ದಾಟಿದ್ದರೂ ಮೂಗು ಮಾತ್ರ ಮಂದವಾಗಿರಲಿಲ್ಲ.

ಐವರಿಗೆ ಕಿಟಕಿಯ ಪಕ್ಕದ ಮೇಜು. ದಯಾ, ಪ್ರೇಮಿ, ಪ್ರೇಮಿಯ ಗಂಡ ಸ್ಟ್ರೀನಿ, ಅಮ್ಮ, ಲೋಗಿ. ಸ್ಟ್ರೀನಿ ಕಾರು ಮಾರುವವನು, ಎದುರು ಸಿಕ್ಕವರನ್ನೆಲ್ಲ ಗಿರಾಕಿಗಳಂತೆಯೇ ಮಾತಾಡಿಸುವವನು. "ಲೋಗಿ ಅಕ್ಕಾ, ಒಳ್ಳೆ ಜಾಗ ಹಿಡಿದಿದೀರಿ, ಮೇಜಿಗೂ ಹತ್ರ, ಬಾಗಿಲಿಗೂ ಹತ್ರ!" ಎಂದು ಕೈ ಉಜ್ಜಿಕೊಂಡ. ಎಲ್ಲರೂ ಕೂತರು. ಇದೇ ಹೊತ್ತು, ಈಗಲೇ ಹೇಳಿಬಿಡಬೇಕು ಎಂದುಕೊಂಡು ಲೋಗಿ ಬಾಯಿ ತೆರೆದಳು.

"ನಾನು ನಿಮ್ಮನ್ನೆಲ್ಲ ಯಾಕೆ ಕರೆದೆ ಅಂದ್ರೆ..."

"ತಡಿ, ತಡಿ," ಎಂದು ದಯಾ ಎದ್ದೇಬಿಟ್ಟ. "ಬಿಸಿ ಇರೋವಾಗ ಹಾಕ್ಕೊಂಡು ಬಂದ್ಬಿಡೋಣ. ಆಮೇಲೆ ಕೂತು ಮಾತಾಡೋಣ."

ಅದು ನ್ಯಾಯವೇ ಅನ್ನಿಸಿತು. ಲೋಗಿ ಅಮ್ಮನ ಪ್ಲೇಟು ತುಂಬಲು ಹೋದಳು. ಮಸೂರಬೇಳೆ ಬೆರೆಸಿದ ಬಿರಿಯಾನಿ, ಕುರಿಮಾಂಸದ ಸಾರಿನಿಂದ ಆರಿಸಿ ತೆಗೆದ ಮೆತ್ತಗಿನ ಆಲೂಗಡ್ಡೆ, ಮೂಳೆ ಇಲ್ಲದ ತುಂಡು, ಒಂದು ಕಡೆ ಮೊಸರು. ತಂದಿಟ್ಟರೆ ಅಮ್ಮ ಚಮಚದಿಂದ ಕೆದಕಿ, "ಏಡಿ ಎಲ್ಲಿ?" ಎಂದಳು.

"ಏಡಿ ನಿಂಗೆ ಆಗಲ್ಲಮ್ಮ. ಚಿಪ್ಪು ಸಿಕ್ಕಿಕೊಳ್ಳುತ್ತೆ."

"ನಿಂಗೆ ಆಗಲ್ಲ ಅನ್ನು. ಬಿಡಿಸೋಕೆ ಬೇಜಾರು."

ಲೋಗಿ ಮತ್ತೆ ಹೋದಳು. ಏಡಿಯ ತಟ್ಟೆ ಖಾಲಿ, ತಳದಲ್ಲಿ ಕೆಂಪು ಎಣ್ಣೆ ಮಾತ್ರ ಇತ್ತು. ಅಡುಗೆಮನೆಯ ಬಾಗಿಲ ಬಳಿ ನಾಲ್ಕೈದು ಜನ ಪ್ಲೇಟು ಎದೆಗೊತ್ತಿಕೊಂಡು ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ಸ್ಟ್ರೀನಿ. "ಐದು ನಿಮಿಷ ಅಂತೆ ಅಕ್ಕಾ. ನೀವು ಕೂತ್ಕೊಳ್ಳಿ, ಅಮ್ಮಂಗೆ ನಾನು ತರ್ತೀನಿ." ಅವಳು ಹಿಂತಿರುಗಿ ಬಂದಾಗ ದಯಾ ಮೊದಲ ಪ್ಲೇಟು ಮುಗಿಸಿ ಬೆರಳು ನೆಕ್ಕುತ್ತಿದ್ದ. ಪ್ರೇಮಿ ಎರಡು ಸೌತೆಕಾಯಿ ಹೋಳು, ಒಂದು ಸಮೋಸ ತಿಂದು ಕೂತಿದ್ದಳು. ಸ್ಟ್ರೀನಿ ಇಲ್ಲದಿದ್ದರೂ ಪರವಾಗಿಲ್ಲ, ಬೇಕಾದವರಿಬ್ಬರೂ ಇದ್ದಾರೆ.

"ಅಣ್ಣಾ, ಪ್ರೇಮೀ, ಒಂದು ಮಾತು."

"ಏಡಿ ಬಂತು!" ಎಂದು ಸ್ಟ್ರೀನಿ ಅಲ್ಲಿಂದಲೇ ಕೂಗಿದ. ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ದಯಾ ಎದ್ದ. ಅವನ ಬೆನ್ನಿಗೇ ಪ್ರೇಮಿಯೂ ಎದ್ದಳು.

"ನೀನು ಏಡಿ ತಿನ್ನಲ್ಲವಲ್ಲೇ," ಎಂದಳು ಲೋಗಿ.

"ಬೀನ್ಸ್ ಕಾಳು ನೋಡ್ಕೊಂಡು ಬರ್ತೀನಿ ಅಕ್ಕ."

ಸ್ಟ್ರೀನಿ ತಂದಿಟ್ಟ ಏಡಿಯನ್ನು ಲೋಗಿ ಒಡೆದು, ಬಿಡಿಸಿ, ಚಿಪ್ಪಿನ ಚೂರಿದೆಯೇ ಎಂದು ಬೆರಳಲ್ಲಿ ತಡಕಿ, ಅಮ್ಮನ ಪ್ಲೇಟಿಗೆ ಹಾಕುತ್ತ ಕೂತಳು. ಉಗುರಿನ ಸಂದಿಗೆಲ್ಲ ಖಾರ ಇಳಿಯಿತು. ಅಮ್ಮ ನಿಧಾನವಾಗಿ, ರುಚಿ ನೋಡುತ್ತ ತಿಂದಳು. "ಹುಣಸೆ ಕಮ್ಮಿ," ಎಂದಳು. ಇನ್ನಷ್ಟು ತಿಂದಳು.

ಆಮೇಲೆ ದಯಾ ಬಂದ, ಪ್ರೇಮಿ ಬರಲಿಲ್ಲ. ಪ್ರೇಮಿ ಬಂದಳು, ದಯಾ ಫೋನು ಹಿಡಿದು ಹೊರಗೆ ಹೋದ. ಒಮ್ಮೆ ಇಬ್ಬರೂ ಕೂತದ್ದೇ ಅಮ್ಮನಿಗೆ ಶೌಚಕ್ಕೆ ಹೋಗಬೇಕಾಯಿತು. ಲೋಗಿ ಅವಳನ್ನು ಕರೆದುಕೊಂಡು ಹೋಗಿ, ಒದ್ದೆ ನೆಲದಲ್ಲಿ ಜಾರದಂತೆ ಬೆನ್ನಿಗೆ ನಿಂತು, ಸೀರೆ ಸರಿಮಾಡಿ ವಾಪಸು ಕರೆತರುವಷ್ಟರಲ್ಲಿ ಮೇಜಿನಲ್ಲಿ ಉಳಿದದ್ದು ಎಂಜಲು ಪ್ಲೇಟುಗಳು ಮಾತ್ರ. ತನ್ನ ಪ್ಲೇಟು ಬೋರಲು ಇಟ್ಟದ್ದು ಇಟ್ಟ ಹಾಗೇ ಇತ್ತು. ಅವಳಿಗೆ ಅಳು ಬರಲಿಲ್ಲ. ಆ ಬೋರಲು ಪ್ಲೇಟನ್ನೆತ್ತಿ ಯಾವುದಾದರೂ ಗೋಡೆಗೆ ಅಪ್ಪಳಿಸಬೇಕೆನ್ನಿಸಿತು.

ಪ್ಲೇಟು ತೆಗೆಯಲು ಬಂದ ಬುಸಿ ಎಂಬ ಜುಲು ಹೆಂಗಸು ಅಮ್ಮನ ಭುಜ ಮುಟ್ಟಿ, "ಗೋಗೋ, ಅಜ್ಜಿ, ಇನ್ನೇನು ಬೇಕು? ರೊಟ್ಟಿ ಈಗ ತವೆಯಿಂದ ಇಳೀತಿದೆ," ಎಂದಳು.

"ತಾ," ಎಂದಳು ಅಮ್ಮ, ಲೋಗಿಯ ಕಡೆ ನೋಡಿ.

ಹಾಗೆ ಲೋಗಿ ರೊಟ್ಟಿಯ ಸಾಲಿನಲ್ಲಿ ನಿಂತಳು. ಅವಳ ಮುಂದೆಯೇ ದಯಾ, ಪ್ರೇಮಿ, ಇವಳ ಕಡೆ ಬೆನ್ನು ಹಾಕಿ ತಲೆಗೆ ತಲೆ ಕೊಟ್ಟು ನಿಂತಿದ್ದರು. ಕರೆಯಬೇಕೆಂದು ಕೈ ಎತ್ತಿದವಳು ಅಣ್ಣನ ದನಿ ಕೇಳಿ ಹಾಗೇ ನಿಂತಳು.

"ಮನೆ ವಿಷಯಾನೇ ಇರ್ಬೇಕು ನೋಡು. ಅಪ್ಪನ ಮನೇನ ತನ್ನ ಹೆಸರಿಗೆ ಮಾಡ್ಕೊಡಿ ಅಂತಾಳೆ. ಇಲ್ಲಾಂದ್ರೆ ಸುಮ್ಮಸುಮ್ಮನೆ ಊಟಕ್ಕೆ ಕರೀತಾಳಾ?"

"ಇರಬಹುದು," ಎಂದಳು ಪ್ರೇಮಿ.

"ಅವಳು ಬಾಯಿ ತೆಗೆದ್ರೆ ನಾನು ಏಳ್ತೀನಿ, ನೀನೂ ಏಳು. ಕೊನೇಲಿ ಸಿಹಿಗೆ ಸೋಜಿ ತಿನ್ನೋ ತನಕ ತಳ್ಳಿದ್ರೆ ಮುಗೀತು. ಆಮೇಲೆ ದೂರದ ದಾರಿ ಅಂತ ನಾನು ಹೊರಟ್ಬಿಡ್ತೀನಿ."

"ನಾನಾಗ್ಲೇ ಮೂರು ಸಲ ಎದ್ದಿದೀನಿ ಅಣ್ಣ. ಹೊಟ್ಟೇಲಿ ಜಾಗ ಇಲ್ಲ."

ಲೋಗಿಯ ಕಿವಿ ಬಿಸಿಯಾಯಿತು. ಇಷ್ಟು ಹೊತ್ತೂ ಅವಳು ಬೈದುಕೊಂಡದ್ದು ಏಡಿಯನ್ನು, ಬಫೆಯನ್ನು, ತನ್ನ ಹಣೆಬರಹವನ್ನು. ಇವರು ಎದ್ದೆದ್ದು ಹೋಗುತ್ತಿದ್ದದ್ದು ಹೊಟ್ಟೆಗಾಗಿ ಎಂದೇ ನಂಬಿದ್ದಳು. ವಾರದಿಂದ ಪಾಠ ಮಾಡಿದ ನಯವಾದ ಮಾತೆಲ್ಲ ಎತ್ತಲೋ ಹಾರಿಹೋಯಿತು.

"ಮನೆ ಅಲ್ಲ!" ಎಂದಳು.

ಇಬ್ಬರೂ ಬೆಚ್ಚಿ ತಿರುಗಿದರು. ಪ್ರೇಮಿಯ ಕೈಯಿಂದ ಇಕ್ಕಳ ಜಾರಿ ರೊಟ್ಟಿಯ ಬುಟ್ಟಿಯೊಳಗೆ ಬಿತ್ತು.

"ನಿಮ್ಮ ಮನೆ ನೀವೇ ಇಟ್ಕೊಳ್ಳಿ. ಇಟ್ಟಿಗೆ ಇಟ್ಟಿಗೇನೂ ಕಿತ್ಕೊಂಡು ಹೋಗಿ. ನಾನು ಹಡಗಲ್ಲಿ ಹೋಗ್ತಿದೀನಿ. ನಾಲ್ಕು ರಾತ್ರಿ! ನಾಲ್ಕು ರಾತ್ರಿ ಅಮ್ಮನ್ನ ಇಟ್ಕೊಳ್ಳಿ ಅಂತ ಕೇಳೋಕೆ ಕರೆದೆ. ಅಷ್ಟಕ್ಕೆ ನೀವು ಎದ್ದೂ ಎದ್ದೂ ಹೊಟ್ಟೆ ಒಡ್ಕೊಳ್ತಿದೀರಾ?"

ಲೋಗಿಯ ಹಿಂದೆ ನಿಂತಿದ್ದ ನೇರಳೆ ಸೀರೆಯ ದಪ್ಪ ಹೆಂಗಸು ದಯಾನ ಕಡೆ ಬಗ್ಗಿ, "ನಾಲ್ಕು ರಾತ್ರಿ ತಾನೇನಪ್ಪ, ಪಾಪ, ಹೋಗಿಬರ್ಲಿ ಬಿಡು," ಎಂದಳು. ಮತ್ತೆ, "ನೀವು ರೊಟ್ಟಿ ತಗೊಳ್ತೀರೋ ಇಲ್ವೋ? ಹಿಂದೆ ನಾವೂ ಇದೀವಿ," ಎಂದಳು.

ದಯಾ ಮೊದಲು ಕೆಂಪಾದ, ಆಮೇಲೆ ಗಟ್ಟಿಯಾಗಿ ನಕ್ಕ. ಭಾರ ಇಳಿದವನ ನಗೆ. "ಅಷ್ಟೇನಾ? ಅಯ್ಯೋ ಮಾರಾಯ್ತಿ, ಮೊದಲೇ ಹೇಳೋದಲ್ವಾ! ಬಾ, ಬಾ, ಕೂತು ಮಾತಾಡೋಣ." ಅವಳ ಹೆಗಲ ಮೇಲೆ ಕೈ ಹಾಕಿ ಮೇಜಿಗೆ ನಡೆಸಿಕೊಂಡು ಬಂದ. ಆ ಕೈಯನ್ನು ಕೊಡವಬೇಕೆನ್ನಿಸಿದರೂ ಲೋಗಿಯ ಕೈಯಲ್ಲಿ ಅಮ್ಮನ ರೊಟ್ಟಿಯಿತ್ತು.

ಅಂತೂ ಎಲ್ಲರೂ ಕೂತರು. ಯಾವಾಗ ಎಂದು ದಯಾ ಕೇಳಿದ, ಅವಳು ಹೇಳಿದಳು. ಅವನ ಮುಖದ ನಗೆ ಮೆಲ್ಲಗೆ ಇಳಿಯಿತು. "ಮಾರ್ಚ್ ಕೊನೇನಾ? ನಮ್ಮ ಕಂಪನೀಲಿ ವರ್ಷದ ಲೆಕ್ಕ ಮುಗಿಸೋ ಹೊತ್ತು ಅದು. ಉಸಿರು ಬಿಡೋಕೂ ಆಗಲ್ಲ. ಬೇರೆ ಯಾವಾಗಾದ್ರೂ ಆಗಿದ್ರೆ..."

"ಬೇರೆ ಯಾವಾಗ ಆದ್ರೂ ಬೇರೆ ಏನೋ ಇರುತ್ತೆ."

"ನಮ್ಮನೇಲಿ ಮೆಟ್ಟಿಲು ಅಕ್ಕ," ಎಂದಳು ಪ್ರೇಮಿ. "ಬಚ್ಚಲಲ್ಲಿ ಹೊಸ ಟೈಲ್ಸ್ ಬೇರೆ ಹಾಕ್ಸಿದೀವಿ, ಜಾರುತ್ತೆ. ಅಮ್ಮ ಬಿದ್ದುಗಿದ್ದರೆ ನಾಳೆ ನೀನೇ ನನ್ನ ಅನ್ನೋದು."

ಸ್ಟ್ರೀನಿ ಗಂಟಲು ಸರಿಮಾಡಿಕೊಂಡ. "ಈಗ ವಯಸ್ಸಾದೋರಿಗೆ ಒಳ್ಳೊಳ್ಳೆ ಜಾಗ ಬಂದಿವೆ. ನಾಲ್ಕು ದಿನಕ್ಕೂ ಇಟ್ಕೋತಾರಂತೆ. ಸಮುದ್ರ ಕಾಣುತ್ತೆ, ಟೀವಿ ಇರುತ್ತೆ..."

"ನಿಮ್ಮಮ್ಮನ್ನ ಬಿಡಿ ಅಲ್ಲಿ," ಎಂದು ಪ್ರೇಮಿಯೇ ಗದರಿದಳು. ಅವನು ಪ್ಲೇಟಿನ ಕಡೆ ಮುಖ ತಗ್ಗಿಸಿದ.

ಇಷ್ಟು ಹೊತ್ತು ರೊಟ್ಟಿ ಹರಿಯುತ್ತಿದ್ದ ಅಮ್ಮ ತಲೆ ಎತ್ತಿದಳು. ಅವಳ ಎಡಗಿವಿ ಮಂದ. ಯಾವ ಮಾತು ಕೇಳಿತು, ಯಾವುದು ಕೇಳಲಿಲ್ಲ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಯಾವ ಹಡಗು?"

ಲೋಗಿ ಹೇಳಿದಳು. ಅಮ್ಮ ಕೇಳಿಸಿಕೊಂಡು ಕಿಟಕಿಯ ಕಡೆ ನೋಡಿದಳು. ಅಲ್ಲಿಂದ ಕಾಣುತ್ತಿದ್ದದ್ದು ಎದುರಿನ ಬಟ್ಟೆ ಅಂಗಡಿ, ನಿಂತ ಟ್ಯಾಕ್ಸಿಗಳು, ಅಷ್ಟೇ.

"ನಮ್ಮಜ್ಜಿ ಇಂಡಿಯಾದಿಂದ ಹಡಗಲ್ಲಿ ಬಂದು ಈ ಬಂದರಲ್ಲೇ ಇಳಿದೋಳು," ಎಂದಳು. "ತಾಯಿ ಸೊಂಟದ ಮೇಲಿದ್ದಳಂತೆ. ಆಮೇಲೆ ನಮ್ಮಲ್ಲಿ ಯಾರೂ ಹಡಗು ಹತ್ತಿಲ್ಲ. ನಾನೂ ಬರ್ತೀನಿ."

ದಯಾ ಮೇಜು ತಟ್ಟಿದ. "ಮುಗೀತಲ್ಲ! ಎಷ್ಟು ಚೆನ್ನಾಗಿದೆ! ಅಮ್ಮಂಗೂ ಹೊರಗೆ ಹೋದಂಗಾಗುತ್ತೆ. ಅಮ್ಮನ ಟಿಕೀಟು ನಂದು."

"ಗಾಲಿಕುರ್ಚಿ ನಾನು ಕೊಡಿಸ್ತೀನಿ," ಎಂದ ಸ್ಟ್ರೀನಿ.

"ಫೋಟೋ ತೆಗೆದು ಕಳ್ಸು ಅಕ್ಕ," ಎಂದಳು ಪ್ರೇಮಿ. ಅವಳ ಕಣ್ಣಲ್ಲಿ ನಿಜವಾಗಿ ನೀರು ತುಂಬಿತ್ತು. ಅದೇ ಲೋಗಿಗೆ ತಡೆಯದಾಯಿತು. ಇಷ್ಟು ಬೇಗ, ಇಷ್ಟು ಒಮ್ಮತದಿಂದ ಈ ಮನೆಯವರು ಯಾವ ಕೆಲಸವನ್ನೂ ತೀರ್ಮಾನಿಸಿದ್ದಿಲ್ಲ. ಅಮ್ಮ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಹಟ ಇರಲಿಲ್ಲ, ಆಸೆ ಇತ್ತು. ಹಟ ಇದ್ದಿದ್ದರೆ ಸುಲಭವಿತ್ತು.

"ಇಲ್ಲಮ್ಮ," ಎಂದಳು ಲೋಗಿ.

"ಏನು ಇಲ್ಲ?"

"ನೀನು ಬರೋ ಹಾಗಿಲ್ಲ. ನಾನು ನೀನಿಲ್ದೆ ಹೋಗ್ಬೇಕು."

"ಅಕ್ಕ!" ಎಂದಳು ಪ್ರೇಮಿ. "ಅವಳಾಗಿ ಬಾಯಿ ಬಿಟ್ಟು ಕೇಳ್ತಿದಾಳೆ. ಈ ವಯಸ್ಸಲ್ಲಿ. ಹೇಗೆ ಮನಸ್ಸು ಬರುತ್ತೆ ನಿಂಗೆ?"

"ಹಾಗಾದ್ರೆ ನೀನು ಕರ್ಕೊಂಡು ಹೋಗು. ಹಡಗು ತಿಂಗಳಿಗೆ ನಾಲ್ಕು ಸಲ ಹೊರಡುತ್ತೆ."

ಅಮ್ಮ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಪ್ಲೇಟಿಗೆ ಹಾಕಿ, ಪ್ಲೇಟನ್ನು ಮುಂದಕ್ಕೆ ತಳ್ಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಲೋಗಿ ಬೋರಲು ಬಿದ್ದಿದ್ದ ತನ್ನ ಪ್ಲೇಟು ಎತ್ತಿಕೊಂಡು ಎದ್ದಳು. ನಡುಮೇಜಿನಲ್ಲಿ ತಟ್ಟೆಗಳನ್ನು ಒಂದೊಂದಾಗಿ ಒಳಗೆ ಒಯ್ಯುತ್ತಿದ್ದರು. ಬಿರಿಯಾನಿಯ ತಳದ ಒಣ ಅನ್ನ ಇತ್ತು, ಕುರಿಸಾರಿನಲ್ಲಿ ಮಾಂಸ ಹೋಗಿ ಒಡೆದ ಆಲೂಗಡ್ಡೆ ಉಳಿದಿತ್ತು, ವಿನೆಗರ್ ಹಾಕಿದ ಕ್ಯಾರೆಟ್ ತುರಿ ಬೇಕಾದಷ್ಟಿತ್ತು. ಸಿಕ್ಕಿದ್ದನ್ನು ಹಾಕಿಕೊಂಡು ಬಂದು ಕೂತು ಉಣ್ಣತೊಡಗಿದಳು. ಅನ್ನ ಆರಿತ್ತು. ಯಾರೂ ಏಳಲಿಲ್ಲ. ಅವಳು ಅಗಿಯುವುದನ್ನೇ ನೋಡುತ್ತ ನಾಲ್ವರೂ ಕೂತಿದ್ದರು. ಅವಸರ ಮಾಡದೆ, ಬೆರಳಿಗೆ ಅಂಟಿದ ಮಸಾಲೆಯನ್ನೂ ಬಿಡದೆ ಉಂಡು ಮುಗಿಸಿ, ನೀರು ಕುಡಿದು ಹೇಳಿದಳು.

"ಹಡಗು ಮಾರ್ಚ್ ಕೊನೇ ಗುರುವಾರ ಹೊರಡುತ್ತೆ. ಬುಧವಾರ ಸಂಜೆ ಅಮ್ಮನ ಬಟ್ಟೆ, ಮಾತ್ರೆ ಎಲ್ಲ ತುಂಬಿ ಬ್ಯಾಗು ಬಾಗಿಲ ಹತ್ರ ಇಟ್ಟಿರ್ತೀನಿ. ಬೆಳಿಗ್ಗೆ ಯಾರು ಬಂದು ಕರ್ಕೊಂಡು ಹೋಗ್ತೀರಿ ಅಂತ ನೀವಿಬ್ಬರೇ ಮಾತಾಡ್ಕೊಳ್ಳಿ. ನನ್ನ ಕೇಳ್ಬೇಡಿ."

"ನೀನು ಬಹಳ ಬದಲಾಗಿದೀಯ ಲೋಗಿ," ಎಂದ ದಯಾ.

"ಇಲ್ಲ ಅಣ್ಣ. ಬದಲಾಗಿದ್ರೆ ಇಷ್ಟು ಹೊತ್ತು ಕಾಯ್ತಿರಲಿಲ್ಲ."

ದಯಾ ಸೋಜಿ ತಿನ್ನದೆ ಹೊರಟ. ಪ್ರೇಮಿ ಹೊರಡುವಾಗ ಅಮ್ಮನನ್ನು ತಬ್ಬಿದಳು, ಅಕ್ಕನನ್ನು ತಬ್ಬಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಫೆಬ್ರವರಿಯ ಸೆಖೆ, ಹಳೆಯ ಕಾರಿನ ಏಸಿ ಕೆಟ್ಟು ತಿಂಗಳಾಗಿತ್ತು. ಚಾಟ್ಸ್‌ವರ್ತ್‌ನ ಏರು ಹತ್ತುವಾಗ ಅಮ್ಮ ಕೇಳಿದಳು, "ನಾನು ನಿಂಗೆ ಅಷ್ಟು ಭಾರಾನಾ?"

ಇಲ್ಲಮ್ಮ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ವರ್ಷಗಳಿಂದ ಅಭ್ಯಾಸವಾದ ಮಾತು. ಲೋಗಿ ಗೇರು ಬದಲಿಸಿದಳು.

"ಕೆಲವು ದಿನ ಹೌದಮ್ಮ."

ಮನೆ ಬಂದಾಗ ಇಳಿಯಲು ಕೈ ಕೊಟ್ಟರೆ ಹಿಡಿಯದೆ, ಅಮ್ಮ ವಾಕರ್ ಊರಿಕೊಂಡು ತಾನೇ ಒಳಗೆ ಹೋದಳು. ಎರಡು ದಿನ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಲೋಗಿ ಎಣ್ಣೆ ತಿಕ್ಕಿದಳು, ಮಾತ್ರೆ ಕೊಟ್ಟಳು, ಸ್ನಾನ ಮಾಡಿಸಿದಳು. ಟಿಕೀಟು ವಾಪಸು ಮಾಡಿಬಿಡೋಣವೇ ಎಂದು ಒಂದು ಸಲ ಹಾಜಿರಾಳಿಗೆ ಫೋನು ಮಾಡಲು ಹೊರಟು, ಅವಳು ಎತ್ತುವ ಮುಂಚೆಯೇ ಇಟ್ಟುಬಿಟ್ಟಳು.

ಮೂರನೆಯ ದಿನ ಸಂಜೆ ಪ್ರೇಮಿಯ ಫೋನು ಬಂತು. ದನಿ ಇನ್ನೂ ಬಿಗಿಯಾಗಿತ್ತು. ಎರಡು ರಾತ್ರಿ ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತಾಳಂತೆ. ಉಳಿದೆರಡು ರಾತ್ರಿ ಬೇವ್ಯೂ ಮನೆಗೇ ಒಬ್ಬ ನರ್ಸು ಬರುತ್ತಾಳಂತೆ, ಅವಳ ಖರ್ಚು ಅಣ್ಣನದು. "ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ ಅಕ್ಕ. ಈಗ್ಲೇ ಹೇಳಿದೀನಿ."

"ಸಾಕು," ಎಂದಳು ಲೋಗಿ. ಥ್ಯಾಂಕ್ಸ್ ಹೇಳಬೇಕೆಂದುಕೊಂಡಳು, ಹೇಳಲಿಲ್ಲ.

ಫೋನಿಟ್ಟು ತಿರುಗಿದರೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಪ್ರೇಮಿ ಮನೇಲಿ ಟೀ ನೀರು ನೀರಾಗಿರುತ್ತೆ," ಎಂದಳು. "ಚಹಾಪುಡಿ ಬ್ಯಾಗಲ್ಲಿ ಹಾಕು. ಬಚ್ಚಲ ದೀಪ ಆರಿಸ್ಬೇಡ ಅಂತ ಅವಳಿಗೆ ಹೇಳು. ಮೆತ್ತನೆ ಚಪ್ಪಲಿ ಎಲ್ಲಿಟ್ಟಿದೀಯ, ಮೊದ್ಲು ಅದನ್ನ ಹುಡುಕು."

"ಇನ್ನೂ ತಿಂಗಳಿದೆಯಲ್ಲಮ್ಮ."

"ನೀನು ಕೊನೇ ಗಳಿಗೇಲಿ ಒದ್ದಾಡೋಳು," ಎಂದು ಅಮ್ಮ ವಾಕರ್ ತಿರುಗಿಸಿದಳು.

ಲೋಗಿ ಮಂಚದ ಕೆಳಗೆ ಬಗ್ಗಿ ಚಪ್ಪಲಿ ಹುಡುಕತೊಡಗಿದಳು.